ಬನ್ನಿನೊಳಗಿನ ಮೀನೂ ನಮ್ಮದೇ

ಘಟ್ಟದ ಮೇಲೆ ನೆಲೆಸಿದ ನಮ್ಮವರ ಮನೆಗಳಲ್ಲಿ ಪದೇ ಪದೇ ಕೇಳಿಬರುವ ದೂರು ಒಂದಿದೆ: "ನಮ್ಮ ಮಕ್ಕಳು ಮೀನು ಮುಟ್ಟುವುದಿಲ್ಲ." ಊರಿನಿಂದ ಉಮ್ಮ ಫೋನ್ ಮಾಡಿದರೂ ಇದೇ ಮಾತು, ಮದುವೆ ಮನೆಯಲ್ಲಿ ನಾಲ್ಕು ಹೆಂಗಸರು ಸೇರಿದರೂ ಇದೇ ಮಾತು. ಆದರೆ ಅದೇ ಮಕ್ಕಳು ಬೆಂಗಳೂರಿಗೋ ಹೈದರಾಬಾದಿಗೋ ಹೋದಾಗ ಮಾಲ್‌ನಲ್ಲಿ ಫಿಶ್ ಬರ್ಗರ್ ಕೇಳಿ ತಿನ್ನುತ್ತಾರೆ. ಗಲ್ಫ್‌ನಲ್ಲಿರುವ ಸಂಬಂಧಿಕರ ಮಕ್ಕಳು ಕೆಫೆಟೇರಿಯಾದ ಸಿಗಡಿ ಸ್ಯಾಂಡ್‌ವಿಚ್‌ನ ಫೋಟೋ ಕಳಿಸಿದರೆ ಇವರಿಗೆ ಬಾಯಲ್ಲಿ ನೀರು. ಹಾಗಾದರೆ ಮಕ್ಕಳಿಗೆ ಬೇಡವಾಗಿರುವುದು ಮೀನಲ್ಲ. ಮುಳ್ಳು ಬೇಡ, ಕೈಗೆ ಅಂಟುವ ಮಸಾಲೆ ಬೇಡ, ಶಾಲೆಯ ಡಬ್ಬಿಯಲ್ಲಿ ವಾಸನೆ ಬರುವುದು ಬೇಡ.

ನನ್ನ ಅಭಿಪ್ರಾಯ ಇಷ್ಟೇ: ಮೀನನ್ನು ನಮ್ಮ ಮಸಾಲೆಯಲ್ಲಿ ಹುರಿದು ಬನ್ನಿನೊಳಗೆ ಇಟ್ಟು ಮನೆಯಲ್ಲೇ ಕೊಡೋಣ. ಇದು ಅಂಗಡಿಯ ತಿಂಡಿಯನ್ನು ನಕಲು ಮಾಡುವುದಲ್ಲ, ಮೀನನ್ನು ಹಾಳು ಮಾಡುವುದೂ ಅಲ್ಲ. ಕರಾವಳಿ ಬಿಟ್ಟು ಬಂದ ಮನೆಯಲ್ಲಿ ಮೀನಿನ ರುಚಿ ಮತ್ತು ಮೀನಿನ ಹೆಸರು ಮುಂದಿನ ತಲೆಮಾರಿಗೆ ಉಳಿಯಬೇಕಾದರೆ ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ನಾನು ಬರೆಯುತ್ತಿರುವುದು ಕೃಷ್ಣಾದಿಂದ. ನಮ್ಮೂರಲ್ಲಿ ಹೀಗೆಂದರೆ ಎಲ್ಲರೂ "ಯಾವ ಕೃಷ್ಣಾ?" ಎಂದು ಕೇಳುತ್ತಾರೆ. ರಾಯಚೂರಿನಿಂದ ವಾಡಿ ಕಡೆಗೆ ರೈಲಿನಲ್ಲಿ ಹೊರಟರೆ ದೊಡ್ಡ ಸೇತುವೆ ದಾಟಿದ ಮೇಲೆ ಸಿಗುವ ಸ್ಟೇಷನ್ ಅದು. ನದಿಯ ಈಚೆ ದಡ ತೆಲಂಗಾಣದ ನಾರಾಯಣಪೇಟೆ ಜಿಲ್ಲೆ, ಆಚೆ ದಡದಲ್ಲಿ ರಾಯಚೂರು ಜಿಲ್ಲೆಯ ಶಕ್ತಿನಗರದ ಹೊಗೆ ಕೊಳವೆಗಳು. 1956ರಲ್ಲಿ ರಾಜ್ಯಗಳು ಮರುವಿಂಗಡಣೆ ಆದಾಗ ರಾಯಚೂರು ಆಚೆ ಹೋಯಿತು, ಈ ಹಳ್ಳಿಗಳು ಈಚೆ ಉಳಿದವು. ಮಾತು ಮಾತ್ರ ಗಡಿ ನೋಡಲಿಲ್ಲ. ಅಂಗಡಿಯ ಬೋರ್ಡು ತೆಲುಗಿನಲ್ಲಿ, ಚೌಕಾಸಿ ಕನ್ನಡದಲ್ಲಿ. ಗಂಡನ ರೈಲ್ವೆ ಗುತ್ತಿಗೆ ಕೆಲಸಕ್ಕಾಗಿ ಇಲ್ಲಿಗೆ ಬಂದವರು ನಾವು. ಮಖ್ತಲ್ ಹತ್ತಿರದ ಜಕ್ಲೇರ್‌ನಿಂದ ಕೃಷ್ಣಾಕ್ಕೆ 37 ಕಿಲೋಮೀಟರ್ ಹೊಸ ರೈಲು ಮಾರ್ಗ 2023ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಯಿತು. ಆ ಮಾರ್ಗದಿಂದ ಹೈದರಾಬಾದು ಹತ್ತಿರವಾಯಿತು. ಮಂಗಳೂರು ಮಾತ್ರ ಇದ್ದಲ್ಲೇ ಇದೆ, ಐನೂರು ಕಿಲೋಮೀಟರ್‌ಗೂ ಆಚೆ.

ಸಮುದ್ರದ ಮೀನೇ ಬೇಕೆಂಬ ಹಟ

ಘಟ್ಟದ ಮೇಲಿರುವ ನಮ್ಮವರದು ಒಂದು ಹಟ. ಮೀನೆಂದರೆ ಸಮುದ್ರದ್ದೇ ಆಗಬೇಕು, ಹೊಳೆ ಮೀನು ಮೀನಲ್ಲ. ಹೀಗಾಗಿ ಐಸಿನಲ್ಲಿ ದಿನಗಟ್ಟಲೆ ಪ್ರಯಾಣ ಮಾಡಿ ಬಂದ ಬಂಗುಡೆಗೆ ದುಪ್ಪಟ್ಟು ಹಣ ಕೊಡುತ್ತೇವೆ, ಪಕ್ಕದ ಹೊಳೆಯಲ್ಲಿ ಬೆಳಿಗ್ಗೆ ಬಲೆಗೆ ಬಿದ್ದ ಮೀನಿಗೆ ಮುಖ ತಿರುಗಿಸುತ್ತೇವೆ.

ಇದು ಬರೀ ಹಣದ ಪ್ರಶ್ನೆಯಲ್ಲ. ಬಂಗುಡೆ, ಬೂತಾಯಿ, ಕೇದರ ಜಾತಿಯ ಮೀನುಗಳನ್ನು ಹಿಡಿದ ಕೂಡಲೇ ತಣ್ಣಗೆ ಇಡದಿದ್ದರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟಿಕೊಳ್ಳುತ್ತದೆ. ತಿಂದವರಿಗೆ ಮುಖ ಕೆಂಪಾಗುವುದು, ತುರಿಕೆ, ತಲೆನೋವು, ವಾಂತಿ ಬರಬಹುದು. ಎಷ್ಟೇ ಬೇಯಿಸಿದರೂ ಹುರಿದರೂ ಅದು ಹೋಗುವುದಿಲ್ಲ. ಮಂಗಳೂರಿನ ಧಕ್ಕೆಯಲ್ಲಿ ಬೆಳಿಗ್ಗೆ ಕೊಂಡು ಮಧ್ಯಾಹ್ನ ಸಾರು ಮಾಡುವವರಿಗೆ ಈ ಚಿಂತೆ ಕಡಿಮೆ. ದಾರಿಯಲ್ಲಿ ಎಷ್ಟು ಸಲ ಐಸ್ ಕರಗಿತೋ ಗೊತ್ತಿಲ್ಲದ ನಮಗೆ ಇದು ದೊಡ್ಡ ಚಿಂತೆಯೇ. ಜೊತೆಗೆ ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ರಜೆ. ಆ ಎರಡು ತಿಂಗಳು ಘಟ್ಟದ ಮೇಲೆ "ತಾಜಾ ಬಂಗುಡೆ" ಎಂದು ಮಾರುವವರ ಮಾತನ್ನು ಸ್ವಲ್ಪ ಯೋಚಿಸಿಯೇ ನಂಬಬೇಕು.

ಇಲ್ಲಿ ನಮ್ಮ ಕಣ್ಣೆದುರೇ ಮೀನಿದೆ. ಭೀಮಾ ನದಿ ಕೃಷ್ಣೆಯನ್ನು ಸೇರುವುದು ಈ ಸೀಮೆಯಲ್ಲೇ. ಇನ್ನೂ ಕೆಳಗೆ ಗದ್ವಾಲ್ ಕಡೆ ಹೋದರೆ ಜೂರಾಲ ಅಣೆಕಟ್ಟು. ಆ ಅಣೆಕಟ್ಟಿನ ಬಳಿ ಮೀನು ಹುರಿದು ಕೊಡುವ ಅಂಗಡಿಗಳು ಸಾಲಾಗಿವೆ. ರಜಾ ದಿನ ಕುಟುಂಬ ಸಮೇತ ಜನ ಬರುವುದು ಅಣೆಕಟ್ಟು ನೋಡಲಿಕ್ಕೋ ಮೀನು ತಿನ್ನಲಿಕ್ಕೋ ಎಂದು ಹೇಳುವುದು ಕಷ್ಟ. ಕಾಟ್ಲಾ, ರೋಹು, ಮತ್ತೆ ತೆಲುಗಿನವರು ಕೊರ್ರಮೀನು ಎನ್ನುವ ಹಾವಿನ ತಲೆಯ ಮೀನು. ಈ ಕೊರ್ರಮೀನು ತೆಲಂಗಾಣದ ರಾಜ್ಯ ಮೀನು ಕೂಡ.

ಬನ್ನಿನೊಳಗೆ ಇಡಲು ಇವುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಕೊರ್ರಮೀನೇ. ನಡುವಿನ ಮುಳ್ಳು ತೆಗೆದರೆ ಮಾಂಸದೊಳಗೆ ಸಣ್ಣ ಮುಳ್ಳು ಇರುವುದಿಲ್ಲ, ಮಾಂಸ ಗಟ್ಟಿ, ಹುರಿದಾಗ ಒಡೆಯುವುದಿಲ್ಲ. ಬೆಲೆ ಮಾತ್ರ ಜಾಸ್ತಿ. ಕಾಟ್ಲಾ, ರೋಹು ಅಗ್ಗ, ಆದರೆ ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳುಗಳಿವೆ. ಅದಕ್ಕೂ ಉಪಾಯ ಇದೆ. ಹೊಟ್ಟೆಯ ಭಾಗದ ತುಂಡು ಕೇಳಿ ತೆಗೆದುಕೊಳ್ಳಿ, ಅಲ್ಲಿರುವುದು ದಪ್ಪ ಮುಳ್ಳು, ಕೈಗೆ ಸಿಗುತ್ತದೆ. ಬೆನ್ನಿನ ತುಂಡಾದರೆ ಚರ್ಮ ಕತ್ತರಿಸದ ಹಾಗೆ ಒತ್ತೊತ್ತಾಗಿ, ಎರಡು ಮೂರು ಮಿಲಿಮೀಟರ್ ಅಂತರದಲ್ಲಿ ಚೂಪಾದ ಕತ್ತಿಯಿಂದ ಗೀರು ಹಾಕಿ. ಸಣ್ಣ ಮುಳ್ಳು ತುಂಡಾಗಿ ಎಣ್ಣೆಯಲ್ಲಿ ಗರಿಗರಿಯಾಗುತ್ತದೆ. ಆದರೂ ಚಿಕ್ಕ ಮಕ್ಕಳಿಗೆ ಹೊಟ್ಟೆಯ ಭಾಗವೇ ಕ್ಷೇಮ.

"ಹೊಳೆ ಮೀನಿಗೆ ಮಣ್ಣಿನ ವಾಸನೆ" ಎನ್ನುವವರಿಗೂ ಉತ್ತರ ಇದೆ. ನೀರಿನಲ್ಲಿರುವ ಕೆಲವು ಸೂಕ್ಷ್ಮಜೀವಿಗಳು ಜಿಯೋಸ್ಮಿನ್ ಎಂಬ ವಸ್ತುವನ್ನು ಬಿಡುತ್ತವೆ, ಮೀನಿಗೆ ಆ ವಾಸನೆ ಬರುವುದು ಅದರಿಂದ. ಹುಳಿ ತಾಗಿದರೆ ಅದು ಮುರಿಯುತ್ತದೆ. ನಮ್ಮ ಮೀನಿನ ಮಸಾಲೆಯಲ್ಲಿ ಹುಣಸೆಹುಳಿಯೋ ಲಿಂಬೆಯೋ ವಿನೆಗರೋ ಇದ್ದೇ ಇರುತ್ತದೆ. ಸಮುದ್ರದ ಮೀನಿಗೆ ರುಚಿಗೆಂದು ಹಾಕಿದ ಹುಳಿ ಹೊಳೆ ಮೀನಿಗೆ ಔಷಧಿಯೂ ಆಯಿತು. ನಮ್ಮ ಮಸಾಲೆಗೆ ಕೃಷ್ಣೆಯ ಮೀನು ಪರಕೀಯವಲ್ಲ ಎಂದು ನಾನು ಹೇಳುವುದು ಇದಕ್ಕೇ.

ಇದು ಪರದೇಶಿ ತಿಂಡಿಯೇ?

"ಬ್ರೆಡ್ಡಿನಲ್ಲಿ ಮೀನು ತಿನ್ನುವುದು ಬಿಳಿಯರ ಅಭ್ಯಾಸ" ಎಂದು ಹಿರಿಯರೊಬ್ಬರು ನನ್ನೊಡನೆ ವಾದಿಸಿದ್ದಾರೆ. ಅಂಗಡಿಯ ಫಿಶ್ ಬರ್ಗರ್ ಅಮೆರಿಕದ್ದು, ನಿಜ. ಅದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. 1962ರಲ್ಲಿ ಸಿನ್ಸಿನಾಟಿಯ ಲೂ ಗ್ರೋಯೆನ್ ಎಂಬ ಮೆಕ್‌ಡೊನಾಲ್ಡ್ಸ್ ಅಂಗಡಿಯವರಿಗೆ ಶುಕ್ರವಾರ ವ್ಯಾಪಾರವೇ ಇರುತ್ತಿರಲಿಲ್ಲ. ಸುತ್ತಮುತ್ತ ಇದ್ದವರಲ್ಲಿ ಕ್ಯಾಥೊಲಿಕರು ಹೆಚ್ಚು, ಅವರು ಶುಕ್ರವಾರ ಮಾಂಸ ತಿನ್ನುತ್ತಿರಲಿಲ್ಲ. ಅವರಿಗಾಗಿ ಹುರಿದ ಮೀನಿನ ಬನ್ನು ಬಂತು. ಅದಕ್ಕೂ ಹಿಂದೆ, 1929ರಲ್ಲಿ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ ಟ್ರಾಮ್ ಕಾರ್ಮಿಕರು ಮುಷ್ಕರ ಹೂಡಿದಾಗ ಮಾರ್ಟಿನ್ ಸಹೋದರರು ಅವರಿಗೆ ಉಚಿತವಾಗಿ ಕೊಟ್ಟ ಉದ್ದ ಬ್ರೆಡ್ಡಿನ ಸ್ಯಾಂಡ್‌ವಿಚ್‌ಗೆ ಪೊ'ಬಾಯ್ ಎಂಬ ಹೆಸರು ಬಂತು ಎನ್ನುತ್ತಾರೆ. ಇವತ್ತು ಅದರಲ್ಲಿ ಹುರಿದ ಸಿಗಡಿಯೇ ಪ್ರಸಿದ್ಧ. ಇಸ್ತಾಂಬುಲ್‌ನ ಕಡಲ ದಂಡೆಯಲ್ಲಿ ಬಂಗುಡೆಯ ಜಾತಿಯ ಮೀನನ್ನೇ ಸುಟ್ಟು, ಈರುಳ್ಳಿ, ಲಿಂಬೆ ಹಾಕಿ ಬ್ರೆಡ್ಡಿನಲ್ಲಿ ಕೊಡುತ್ತಾರೆ.

ಈ ಮೂರೂ ಕಡೆ ನೋಡಿ. ಉಪವಾಸದವರು, ಮುಷ್ಕರದವರು, ಬಂದರಿನ ಕೂಲಿಯವರು. ಮೀನನ್ನು ಬ್ರೆಡ್ಡಿನಲ್ಲಿ ಇಟ್ಟದ್ದು ಶೋಕಿಗಲ್ಲ, ಹೊಟ್ಟೆ ತುಂಬಲಿಕ್ಕೆ, ಒಂದು ಕೈಯಲ್ಲಿ ಹಿಡಿದು ಕೆಲಸಕ್ಕೆ ಹೋಗಲಿಕ್ಕೆ. ನಮ್ಮಲ್ಲಿ ಪತ್ತಿರ್ ಇದೆ. ಹಿಂದಿನ ರಾತ್ರಿ ಉಳಿದ ಹುರಿದ ಮೀನನ್ನು ಬೆಳಿಗ್ಗೆ ಪತ್ತಿರಿನಲ್ಲಿ ಸುತ್ತಿ ತಿನ್ನದ ಬ್ಯಾರಿ ಮಗು ಇದೆಯೇ? ಅದಕ್ಕೆ ನಾವು ಸ್ಯಾಂಡ್‌ವಿಚ್ ಎಂದು ಹೆಸರಿಡಲಿಲ್ಲ, ಅಷ್ಟೇ. ಇಲ್ಲಿ ಬನ್ನು ಸಿಗದ ದಿನ ನಾನು ಪಕ್ಕದ ಮನೆಯ ಬಿಸಿ ಜೋಳದ ರೊಟ್ಟಿಯಲ್ಲಿ ಮೀನು ಸುತ್ತುತ್ತೇನೆ. ಬನ್ನಿಗಿಂತ ಅದೇ ಚೆನ್ನ ಎಂದು ನನ್ನ ಮಗಳ ತೀರ್ಪು.

ಮಾಡುವ ರೀತಿ

ಆರು ಬನ್ನಿಗೆ ಮುಳ್ಳು ತೆಗೆದ ಮೀನು ಸುಮಾರು 600 ಗ್ರಾಂ ಬೇಕು. ಇಡೀ ಮೀನು ಕೊಂಡರೆ ತಲೆ, ಮುಳ್ಳು, ಚರ್ಮ ಹೋಗಿ ಅರ್ಧಕ್ಕಿಂತ ಕಡಿಮೆ ಉಳಿಯುತ್ತದೆ, ಹಾಗಾಗಿ ಒಂದೂವರೆ ಕೆ.ಜಿ. ತೆಗೆದುಕೊಳ್ಳಿ. ತಲೆ, ಮುಳ್ಳು ಬಿಸಾಡಬೇಡಿ, ಮರುದಿನದ ಸಾರು ಅದರಲ್ಲೇ ಆಗುತ್ತದೆ. ಮಂಗಳೂರಿನಲ್ಲಿದ್ದರೆ ಅಂಜಲ್, ಕಾಣೆ, ನಂಗ್ ಒಳ್ಳೆಯದು. ಬೂತಾಯಿಯನ್ನು ನಡು ಮುಳ್ಳು ಎಳೆದು ಬಿಡಿಸಿ ಹುರಿದರೂ ಆದೀತು.

ಮಸಾಲೆಗೆ ಎಂಟು ಬ್ಯಾಡಗಿ ಮೆಣಸು, ಖಾರಕ್ಕೆ ಮೂರು ಗುಂಟೂರು ಮೆಣಸು, ಒಂದು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಕರಿಮೆಣಸು, ಕಾಲು ಚಮಚ ಅರಿಶಿನ, ಎಂಟು ಎಸಳು ಬೆಳ್ಳುಳ್ಳಿ, ಗೋಲಿ ಗಾತ್ರದ ಹುಣಸೆ, ಉಪ್ಪು. ಮೆಣಸನ್ನು ಬಿಸಿನೀರಿನಲ್ಲಿ ನೆನೆಸಿ, ಆ ನೀರನ್ನು ಚೆಲ್ಲಿ, ಆದಷ್ಟು ಕಡಿಮೆ ನೀರಿನಲ್ಲಿ ನುಣ್ಣಗೆ ಅರೆಯಿರಿ. ತಟ್ಟೆಯಲ್ಲಿ ಅನ್ನದ ಜೊತೆ ತಿನ್ನುವ ಮೀನಿಗೆ ಮಸಾಲೆ ದಪ್ಪವಾಗಿ ಇದ್ದರೆ ಚಂದ. ಬನ್ನಿಗೆ ಹಾಗಲ್ಲ, ತೆಳುವಾಗಿ ಸವರಿದರೆ ಸಾಕು. ದಪ್ಪ ಮಸಾಲೆ ಬನ್ನನ್ನು ಒದ್ದೆ ಮಾಡುತ್ತದೆ.

ಮೀನನ್ನು ತೊಳೆದ ಮೇಲೆ ಬಟ್ಟೆಯಲ್ಲಿ ಒತ್ತಿ ನೀರು ಪೂರ್ತಿ ತೆಗೆಯಿರಿ. ಈ ಒಂದು ಹೆಜ್ಜೆಯನ್ನು ಎಲ್ಲರೂ ಬಿಡುತ್ತಾರೆ. ನೀರಿದ್ದರೆ ಮಸಾಲೆ ಜಾರುತ್ತದೆ, ಎಣ್ಣೆ ಸಿಡಿಯುತ್ತದೆ, ಮೀನು ಹುರಿಯುವ ಬದಲು ಬೇಯುತ್ತದೆ. ಬೆರಳಿನ ದಪ್ಪಕ್ಕಿಂತ ಸ್ವಲ್ಪ ತೆಳ್ಳಗೆ ಕತ್ತರಿಸಿ, ಮಸಾಲೆ ಸವರಿ ಅರ್ಧ ಗಂಟೆ ಇಡಿ. ಹುಳಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಮಾಂಸ ಹುಡಿಹುಡಿಯಾಗುತ್ತದೆ.

ಹೊದಿಕೆಗೆ ಅರ್ಧ ಕಪ್ ಸಣ್ಣ ರವೆ, ಎರಡು ದೊಡ್ಡ ಚಮಚ ಅಕ್ಕಿ ಹಿಟ್ಟು. ಬ್ರೆಡ್ ಪುಡಿಗಿಂತ ಇದು ಹೆಚ್ಚು ಹೊತ್ತು ಗರಿಗರಿ ಇರುತ್ತದೆ, ಮೊಟ್ಟೆಯೂ ಬೇಡ. ಎಣ್ಣೆ ಕಾವಲಿಯಲ್ಲಿ ಅರ್ಧ ತುಂಡು ಮುಳುಗುವಷ್ಟು ಸಾಕು. ಒಂದು ಚಿಟಿಕೆ ರವೆ ಹಾಕಿದಾಗ ಕೂಡಲೇ ಗುಳ್ಳೆ ಎದ್ದು ಮೇಲೆ ಬಂದರೆ ಎಣ್ಣೆ ಹದವಾಗಿದೆ, ಹೊಗೆ ಬಂದರೆ ಮಿತಿ ಮೀರಿದೆ. ಒಂದೊಂದು ಕಡೆ ಎರಡು ಮೂರು ನಿಮಿಷ. ಒಂದೇ ಸಲ ಕಾವಲಿ ತುಂಬ ಮೀನು ಹಾಕಬೇಡಿ, ಎಣ್ಣೆ ತಣ್ಣಗಾಗಿ ಮೀನು ಎಣ್ಣೆ ಕುಡಿಯುತ್ತದೆ. ತೆಗೆದ ಮೇಲೆ ಪೇಪರ್ ಮೇಲೆ ಒತ್ತೊತ್ತಾಗಿ ಪೇರಿಸುವುದಕ್ಕಿಂತ ತಂತಿಯ ಜಾಲರಿ ಮೇಲೆ ಇಡುವುದು ಒಳ್ಳೆಯದು. ಅಡಿಯಿಂದ ಹಬೆ ಹೋದರೆ ಗರಿ ಉಳಿಯುತ್ತದೆ.

ಸಿಗಡಿಯಾದರೆ ಬೆನ್ನಿನ ಕಪ್ಪು ನರ ತೆಗೆದು, ಒಟ್ಟು ಎರಡು ಮೂರು ನಿಮಿಷದಲ್ಲಿ ಇಳಿಸಿ. ಬೊಂಡಾಸ್ ಇನ್ನೂ ಬೇಗ. ಉಂಗುರ ಕತ್ತರಿಸಿ ದೊಡ್ಡ ಉರಿಯಲ್ಲಿ ಒಂದೂವರೆ ನಿಮಿಷ. ಹೆಚ್ಚಾದರೆ ಚಪ್ಪಲಿಯ ರಬ್ಬರು.

ಬನ್ನು ಸಿಹಿ ಕಡಿಮೆ ಇರುವುದನ್ನು ಆರಿಸಿ, ಪಾವ್ ಸಿಕ್ಕರೆ ಬಹಳ ಒಳ್ಳೆಯದು. ಎರಡಾಗಿ ಸೀಳಿ ಒಳಬದಿಗೆ ತುಪ್ಪ ಸವರಿ ಕಾವಲಿಯಲ್ಲಿ ಕೆಂಪಗೆ ಮಾಡಿ. ತುಪ್ಪದ ಪದರ ಇದ್ದರೆ ಸಾಸಿನ ನೀರು ಬನ್ನಿನೊಳಗೆ ಇಳಿಯುವುದಿಲ್ಲ. ಈರುಳ್ಳಿ, ಸೌತೆ, ಎಲೆಕೋಸು ಸಣ್ಣಗೆ ಹೆಚ್ಚಿ ಉಪ್ಪು, ಲಿಂಬೆ ಹಾಕಿ ಹತ್ತು ನಿಮಿಷ ಬಿಟ್ಟು ಹಿಂಡಿ ತೆಗೆಯಿರಿ.

ಇನ್ನು ಬಿಳಿ ಸಾಸ್. ಮಕ್ಕಳಿಗೆ ಅಂಗಡಿಯ ಮಯೋನೀಸ್ ಬೇಕು. ಹಸಿ ಮೊಟ್ಟೆಯಿಂದ ಮಾಡಿದ ಮಯೋನೀಸ್‌ನ ಮಾರಾಟವನ್ನು ತೆಲಂಗಾಣ ಸರ್ಕಾರ 2024ರ ಅಕ್ಟೋಬರ್ 30ರಿಂದ ಒಂದು ವರ್ಷ ನಿಷೇಧಿಸಿತ್ತು. ಅದನ್ನು ತಿಂದು ಜನ ಆಸ್ಪತ್ರೆ ಸೇರಿದ ಪ್ರಕರಣಗಳ ನಂತರ ಬಂದ ಆದೇಶ ಅದು. ನಮ್ಮ ಸೆಖೆಯಲ್ಲಿ ಹಸಿ ಮೊಟ್ಟೆ ಸಾಸ್ ಮನೆಯಲ್ಲೂ ಬೇಡ. ಗಟ್ಟಿ ಮೊಸರಿನ ಸಾಸ್ ಮಾಡಬಹುದು, ಆದರೆ ಮೀನಿಗೆ ಮೊಸರು ಸೇರಿಸಬಾರದು ಎಂದು ನಮ್ಮ ಹಿರಿಯರಲ್ಲಿ ಗಟ್ಟಿ ನಂಬಿಕೆ. ಬಂಗಾಳದಲ್ಲಿ ಮೊಸರು ಹಾಕಿದ ಮೀನು ಹಬ್ಬದ ಅಡುಗೆ ಎಂದು ವಾದಿಸಬಹುದು, ಆದರೆ ಒಂದು ಸಾಸಿಗಾಗಿ ಮನೆಯಲ್ಲಿ ಜಗಳ ಯಾಕೆ? ನನ್ನ ದಾರಿ ಇದು: ಎರಡು ಮೊಟ್ಟೆ ಗಟ್ಟಿಯಾಗಿ ಬೇಯಿಸಿ, ಹಳದಿಯನ್ನು ಒಂದು ಎಸಳು ಬೆಳ್ಳುಳ್ಳಿ, ಉಪ್ಪು, ಕರಿಮೆಣಸು, ಅರ್ಧ ಲಿಂಬೆಯ ರಸದ ಜೊತೆ ಅರೆದು, ಮೂರು ದೊಡ್ಡ ಚಮಚ ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಕದಡಿ. ಗಟ್ಟಿಯಾದರೆ ಒಂದು ಚಮಚ ನೀರು. ಬಿಳಿಯನ್ನು ಸಣ್ಣಗೆ ಹೆಚ್ಚಿ ಮೇಲೆ ಹಾಕಿ. ಮಕ್ಕಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾದರೂ ಎರಡನೇ ಬನ್ನು ಕೇಳುತ್ತಾರೆ.

ಉಳಿದ ಎಣ್ಣೆಯ ಬಗ್ಗೆ ಒಂದು ಮಾತು. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದರಲ್ಲಿ ಹಾನಿಕರ ಅಂಶಗಳು ಹೆಚ್ಚುತ್ತವೆ. 2018ರ ಜುಲೈ 1ರಿಂದ ಅಂಗಡಿ, ಹೋಟೆಲುಗಳಿಗೆ ಇದರ ಮೇಲೆ ಮಿತಿ ಇದೆ: ಒಟ್ಟು ಪೋಲಾರ್ ಅಂಶ ಶೇ. 25 ದಾಟಿದ ಎಣ್ಣೆಯನ್ನು ಬಳಸುವಂತಿಲ್ಲ. ಮನೆಯಲ್ಲಿ ಅಳೆಯುವ ಯಂತ್ರ ಇಲ್ಲ, ಹಾಗಾಗಿ ಕಡಿಮೆ ಎಣ್ಣೆಯಲ್ಲಿ ಹುರಿದು, ಉಳಿದದ್ದನ್ನು ಸೋಸಿ ಒಂದೆರಡು ದಿನದೊಳಗೆ ಮೀನು ಸಾರಿನ ಒಗ್ಗರಣೆಗೆ ಮುಗಿಸುವುದು ಸರಿ. ಕಪ್ಪಾದ ಎಣ್ಣೆಯನ್ನು ಬಾಟಲಿಯಲ್ಲಿ ಕಾಪಾಡುವುದು ಉಳಿತಾಯವಲ್ಲ.

ನೆರೆಮನೆಯ ತಟ್ಟೆ

ಮನೆಯಲ್ಲಿ ಏನಾದರೂ ಹುರಿದರೆ ಪಕ್ಕದ ಮನೆಗೆ ಒಂದು ತಟ್ಟೆ ಹೋಗಬೇಕು. ಊರಿನಲ್ಲಿ ಕಲಿತ ಈ ಅಭ್ಯಾಸ ಇಲ್ಲೂ ಬಿಟ್ಟಿಲ್ಲ. ಆದರೆ ಇಲ್ಲಿ ತಟ್ಟೆ ಕಳಿಸುವ ಮೊದಲು ಒಂದು ಕ್ಷಣ ಯೋಚಿಸಬೇಕು.

ನಾವು ಬ್ಯಾರಿಗಳು ಶಾಫಿಈ ಮದ್‌ಹಬಿನವರು. ಸಿಗಡಿ, ಬೊಂಡಾಸ್ ನಮಗೆ ದಿನನಿತ್ಯದ ಊಟ, ಅದರಲ್ಲಿ ಪ್ರಶ್ನೆಯೇ ಏಳುವುದಿಲ್ಲ. ಏಡಿಯ ವಿಷಯದಲ್ಲಿ ಮಾತ್ರ ನಮ್ಮ ಮದ್‌ಹಬಿನೊಳಗೇ ಎರಡು ಅಭಿಪ್ರಾಯ ಇದೆ. ಆದರೆ ರಾಯಚೂರು, ನಾರಾಯಣಪೇಟೆ, ಗದ್ವಾಲ್ ಕಡೆಯ ದಖನಿ ಮುಸ್ಲಿಮರು ಹೆಚ್ಚಿನವರು ಹನಫಿಗಳು. ಹನಫಿ ಮದ್‌ಹಬಿನಲ್ಲಿ ನೀರಿನ ಜೀವಿಗಳಲ್ಲಿ ಮೀನು ಮಾತ್ರ ಹಲಾಲ್. ಸಿಗಡಿ ಮೀನೋ ಅಲ್ಲವೋ ಎಂಬುದರಲ್ಲಿ ಅವರ ವಿದ್ವಾಂಸರ ನಡುವೆಯೇ ಚರ್ಚೆ ಇದೆ. 2018ರ ಆರಂಭದಲ್ಲಿ ಹೈದರಾಬಾದಿನ ಜಾಮಿಯಾ ನಿಜಾಮಿಯಾ ಸಿಗಡಿ ತಿನ್ನಬಾರದೆಂದು ಫತ್ವಾ ಕೊಟ್ಟಾಗ ಅದು ದೊಡ್ಡ ಸುದ್ದಿಯಾಗಿತ್ತು. ತಿನ್ನುವ ಹನಫಿಗಳೂ ಬಹಳ ಜನ ಇದ್ದಾರೆ. ಯಾರು ಸರಿ ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ತಟ್ಟೆಯಲ್ಲಿ ಏನಿದೆ ಎಂದು ಹೇಳುವುದು ನನ್ನ ಕೆಲಸ.

ಹುರಿದು ಮಸಾಲೆ ಹಚ್ಚಿ ಬನ್ನಿನೊಳಗೆ ಮುಚ್ಚಿದ ಮೇಲೆ ಒಳಗೆ ಏನಿದೆ ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಸ್ಯಾಂಡ್‌ವಿಚ್‌ನ ಒಂದೇ ಒಂದು ಅಪಾಯ ಇದು. ತಟ್ಟೆಯಲ್ಲಿಟ್ಟ ಬಂಗುಡೆ ತಾನೇ ತನ್ನ ಹೆಸರು ಹೇಳುತ್ತದೆ, ಬನ್ನು ಹೇಳುವುದಿಲ್ಲ. ಹಾಗಾಗಿ ಕೊಡುವವರೇ ಬಾಯಿ ಬಿಟ್ಟು ಹೇಳಬೇಕು: "ಇದು ಮೀನು, ಇದು ಸಿಗಡಿ, ಎರಡನ್ನೂ ಹುರಿದ ಎಣ್ಣೆ ಬೇರೆ." ನಾನು ಮೊದಲು ಮೀನು ಹುರಿದು ತೆಗೆದು, ಆಮೇಲೆ ಬೇರೆ ಚಿಕ್ಕ ಬಾಣಲೆಯಲ್ಲಿ ಸಿಗಡಿ ಹುರಿಯುತ್ತೇನೆ. ಮಾಂಸ ಮೀನು ತಿನ್ನದ ಲಿಂಗಾಯತ ಮನೆಯ ಮಕ್ಕಳು ಆಡಲು ಬಂದರೆ ಅವರಿಗೆ ಬೇರೆ ಕಾವಲಿ, ಬೇರೆ ಎಣ್ಣೆ, ಆಲೂಗೆಡ್ಡೆಯ ಬನ್ನು. ಅದೂ ಅವರ ತಾಯಿಯನ್ನು ಕೇಳಿದ ಮೇಲೆ. ಇದರಲ್ಲಿ ಕಷ್ಟವೇನಿಲ್ಲ, ಹತ್ತು ನಿಮಿಷದ ಹೆಚ್ಚಿನ ಕೆಲಸ. ಬೇರೆಯವರ ಊರಿನಲ್ಲಿ ನೆಲೆ ನಿಂತವರಿಗೆ ಈ ಹತ್ತು ನಿಮಿಷ ತುಂಬ ಬೆಲೆಯುಳ್ಳದ್ದು. ವಿಶ್ವಾಸ ಒಮ್ಮೆ ಹೋದರೆ ತಟ್ಟೆ ತೊಳೆದು ಬರುತ್ತದೆ, ಮತ್ತೆ ತುಂಬಿ ಬರುವುದಿಲ್ಲ.

ಕಾವಲಿಯ ಮುಂದೆ ನಿಲ್ಲುವವರು ಯಾರು?

ಮನೆಯಲ್ಲಿ ಮೀನು ಹುರಿಯುವುದೆಂದರೆ ಏನೆಂದು ಹೆಂಗಸರಿಗೆ ಗೊತ್ತು. ಎಂಟು ಜನರ ಊಟಕ್ಕೆ ಒಬ್ಬಳು ಕಾವಲಿಯ ಮುಂದೆ ನಿಲ್ಲುತ್ತಾಳೆ. "ಬಿಸಿ ಬಿಸಿ ಬರಲಿ" ಎಂದು ಒಳಗಿನಿಂದ ಕೂಗು. ಮಕ್ಕಳು, ಗಂಡಸರು, ಅತಿಥಿಗಳು ಎಲ್ಲ ಉಂಡು ಕೈ ತೊಳೆದ ಮೇಲೆ ಅವಳ ಪಾಲಿಗೆ ಬಾಲದ ತುಂಡು, ಅದೂ ತಣ್ಣಗೆ. ನಮ್ಮ ಆತಿಥ್ಯಕ್ಕೆ ಹೊರಗೆ ಒಳ್ಳೆಯ ಹೆಸರಿದೆ. ಆ ಹೆಸರನ್ನು ಕಟ್ಟಿದವರು ಎಷ್ಟು ಸಲ ಬಿಸಿ ಮೀನು ತಿಂದಿದ್ದಾರೆ ಎಂದು ಯಾರೂ ಲೆಕ್ಕ ಇಟ್ಟಿಲ್ಲ.

ಈ ಬನ್ನಿನ ಅಡುಗೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಇದೇ. ಕೆಲಸ ಹಂಚಬಹುದು. ಈರುಳ್ಳಿ ಹೆಚ್ಚುವುದು ಒಬ್ಬರು, ಮೊಟ್ಟೆ ಸುಲಿದು ಸಾಸ್ ಕದಡುವುದು ಒಬ್ಬರು, ಬನ್ನು ಕಾಯಿಸುವುದು ಒಬ್ಬರು. ಮೀನನ್ನೆಲ್ಲ ಒಟ್ಟಿಗೆ ಹುರಿದು ಜಾಲರಿಯ ಮೇಲಿಟ್ಟರೆ ಕಾಲು ಗಂಟೆ ಗರಿ ಹೋಗುವುದಿಲ್ಲ. ಹುರಿದವಳೂ ಬಂದು ಕುಳಿತು, ಪ್ರತಿಯೊಬ್ಬರೂ ತಮ್ಮ ಬನ್ನು ತಾವೇ ತುಂಬಿಕೊಂಡು ತಿನ್ನಬಹುದು. ಗಂಡಸರಿಗೆ ಮೀನು ಸಾರು ಕಲಿಸಲು ಒಂದು ವರ್ಷ ಬೇಕು. ಇದನ್ನು ಎರಡು ಭಾನುವಾರದಲ್ಲಿ ಕಲಿಸಬಹುದು. ಕೆಲಸಕ್ಕಾಗಿ ಒಂಟಿಯಾಗಿ ಊರೂರು ಅಲೆಯುವ ನಮ್ಮ ಹುಡುಗರಿಗೆ ಇದು ಬರಲೇಬೇಕು. ದುಬೈಯ ರೂಮಿನಲ್ಲಾಗಲಿ ರಾಯಚೂರಿನ ರೂಮಿನಲ್ಲಾಗಲಿ ದಿನಾ ಹೊರಗಿನ ಊಟದಿಂದ ಹೊಟ್ಟೆಯೂ ಕಿಸೆಯೂ ಕೆಡುತ್ತದೆ.

ಮುಳ್ಳು ಕಲಿಯದ ಮಕ್ಕಳು

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಒಂದನ್ನು ನಾನು ಗೌರವಿಸುತ್ತೇನೆ. "ನೀನು ಮುಳ್ಳು ತೆಗೆದು ಬನ್ನಿನಲ್ಲಿ ಕೊಟ್ಟರೆ ಮಕ್ಕಳು ಮುಳ್ಳು ಬಿಡಿಸಲು ಯಾವಾಗ ಕಲಿಯುತ್ತಾರೆ?" ಎಂದು ನನ್ನ ಉಮ್ಮ ಕೇಳುತ್ತಾರೆ. ನ್ಯಾಯವಾದ ಮಾತು. ಬೂತಾಯಿಯ ಬೆನ್ನು ಒತ್ತಿ ನಡು ಮುಳ್ಳನ್ನು ಒಂದೇ ಎಳೆತಕ್ಕೆ ತೆಗೆಯುವುದು, ನಾಲಿಗೆಯಲ್ಲೇ ಮುಳ್ಳನ್ನು ಗುರುತಿಸಿ ಪಕ್ಕಕ್ಕೆ ಸರಿಸುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಆರೇಳು ವರ್ಷಕ್ಕೆ ಕಲಿಯದಿದ್ದರೆ ದೊಡ್ಡವರಾದ ಮೇಲೆ ಹೆದರಿಕೆ ಕೂತುಬಿಡುತ್ತದೆ.

ಆದರೆ ಮೀನಿನ ರುಚಿಯೇ ಹಿಡಿಯದ ಮಗು ಮುಳ್ಳು ಬಿಡಿಸಲು ಯಾಕೆ ಕಲಿತೀತು? ಮೊದಲು ನಾಲಿಗೆ ಹಿಡಿಯಲಿ, ಆಮೇಲೆ ಕೈ ಕಲಿಯುತ್ತದೆ. ವಾರಕ್ಕೆ ಒಂದು ದಿನ ಬನ್ನು, ಇನ್ನೊಂದು ದಿನ ತಟ್ಟೆಯಲ್ಲಿ ಇಡೀ ಮೀನು. ಬನ್ನಿಗೆ ಮೀನು ಬಿಡಿಸುವಾಗ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕಿವಿರು ಕೆಂಪಗಿದೆಯೇ, ಕಣ್ಣು ಉಬ್ಬಿದೆಯೇ, ಒತ್ತಿದರೆ ಮಾಂಸ ಮೇಲೆ ಬರುತ್ತದೆಯೇ ಎಂದು ಅವರೇ ನೋಡಲಿ. ನಡು ಮುಳ್ಳು ಎಲ್ಲಿದೆ ಎಂದು ಬೆರಳಿನಿಂದ ಮುಟ್ಟಲಿ. ಅಂಗಡಿಯ ಪ್ಯಾಕೆಟ್ಟಿನ ಚೌಕದ ಮೀನು ಇದನ್ನು ಕಲಿಸುವುದಿಲ್ಲ. ಅದಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ, ಹೆಸರೂ ಇಲ್ಲ. ಮನೆಯಲ್ಲಿ ಮಾಡಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ದೊಡ್ಡ ಕಾರಣ ಇದೇ.

ಹೆಸರಿನ ಮಾತು ಬಂತು. ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷ್, ತೆಲುಗು, ಹಿಂದಿ, ಬೀದಿಯಲ್ಲಿ ಕನ್ನಡ ಮತ್ತು ದಖನಿ. ಬ್ಯಾರಿ ಬಾಸೆ ಮನೆಯ ನಾಲ್ಕು ಗೋಡೆಯೊಳಗೆ ಮಾತ್ರ. ಅದೂ ಬಹಳ ಮಟ್ಟಿಗೆ ಅಡುಗೆಮನೆಯಲ್ಲಿ. ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ 2009ರಲ್ಲಿ ಆರಂಭವಾಯಿತು, ಪುಸ್ತಕಗಳು ಬಂದವು, ಕವಿಗೋಷ್ಠಿಗಳು ನಡೆದವು. ಒಳ್ಳೆಯದೇ. ಆದರೆ ಈ ಮೀನಿಗೆ ನಮ್ಮ ಬಾಸೆಯಲ್ಲಿ ಏನೆನ್ನುತ್ತಾರೆ ಎಂದು ಮಗುವಿಗೆ ಹೇಳುವ ಕೆಲಸವನ್ನು ಯಾವ ಅಕಾಡೆಮಿಯೂ ಮಾಡಲಾರದು. "ಕೊಡು, ಎತ್ತು, ತಿರುಗಿಸು, ಸಾಕು, ಇನ್ನೊಂದು ಬೇಕಾ?" ಎಂಬ ಮಾತುಗಳನ್ನು ಬಾಸೆಯಲ್ಲೇ ಆಡುತ್ತ ಒಂದು ಗಂಟೆ ಮಕ್ಕಳ ಜೊತೆ ಕೆಲಸ ಮಾಡಿದರೆ ಅದಕ್ಕಿಂತ ದೊಡ್ಡ ಪಾಠ ಬೇಕಿಲ್ಲ. ಕೃಷ್ಣೆಯ ಮೀನಿಗೆ ನಮ್ಮಲ್ಲಿ ಹೆಸರಿಲ್ಲದಿದ್ದರೆ ಇಲ್ಲಿಯ ಹೆಸರನ್ನೇ ತೆಗೆದುಕೊಳ್ಳೋಣ. ಕೊರ್ರಮೀನು ಎಂಬ ತೆಲುಗು ಶಬ್ದ ನನ್ನ ಮಕ್ಕಳ ಬ್ಯಾರಿ ಬಾಸೆಗೆ ಆಗಲೇ ಸೇರಿಬಿಟ್ಟಿದೆ. ಅರಬಿ, ತುಳು, ಮಲಯಾಳ, ಕನ್ನಡ ಎಲ್ಲವನ್ನೂ ಸೇರಿಸಿಕೊಂಡು ಬಂದ ಬಾಸೆ ನಮ್ಮದು. ಇನ್ನೊಂದು ಹೊಳೆಯ ಮೀನು ಸೇರಿದರೆ ಅದಕ್ಕೆ ಭಾರವಾಗದು.

ಕೊನೆಗೆ ನನ್ನ ಕೋರಿಕೆ ಎರಡು. ಘಟ್ಟದ ಮೇಲಿರುವವರು ಸಮುದ್ರಕ್ಕಾಗಿ ಕಾಯಬೇಡಿ. ತುಂಗಭದ್ರೆಯೋ ಭೀಮೆಯೋ ಕೆರೆಯೋ, ನಿಮ್ಮ ಹತ್ತಿರ ಇರುವ ನೀರಿನ ತಾಜಾ ಮೀನನ್ನು ನಮ್ಮ ಮಸಾಲೆಯಲ್ಲಿ ಒಮ್ಮೆ ಹುರಿದು ನೋಡಿ. ಊರಿನಲ್ಲಿರುವವರು, ರಜೆಗೆ ಬಂದ ಮೊಮ್ಮಕ್ಕಳು ಬನ್ನು ಕೇಳಿದರೆ "ಅದೆಲ್ಲ ನಮ್ಮದಲ್ಲ" ಎಂದು ಗದರಬೇಡಿ. ಧಕ್ಕೆಗೆ ಕರೆದುಕೊಂಡು ಹೋಗಿ, ಮೀನು ಆರಿಸಲು ಹೇಳಿ, ಪ್ರತಿಯೊಂದರ ಹೆಸರು ಹೇಳಿಕೊಡಿ, ಆಮೇಲೆ ಅದನ್ನೇ ಹುರಿದು ಬನ್ನಿನಲ್ಲಿಟ್ಟು ಕೊಡಿ. ಮುಂದಿನ ರಜೆಗೆ ಅವರು ಆ ಮೀನನ್ನು ಹೆಸರು ಹಿಡಿದು ಕೇಳುತ್ತಾರೆ.